ಹೊಸಕೋಟೆ ಕಡೆ ಸೈಟು ಕೊಳ್ಳುವವರು ಕಾಗದ ನೋಡುವ ಬಗೆ

ಹೊಸಕೋಟೆಯಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಬೆಂಗಳೂರಿನಿಂದ ಸೈಟು ಕೊಳ್ಳಲು ಬರುವವರು ಮೊದಲು ತೆಗೆದಿಡುವುದು ಬಣ್ಣದ ಕರಪತ್ರ. ಅದರಲ್ಲಿ ಕಮಾನು, ಕಾರಂಜಿ, ಈಜುಕೊಳ ಎಲ್ಲವೂ ಇರುತ್ತವೆ. ಸರ್ವೆ ನಂಬರ್ ಎಷ್ಟು ಎಂದು ಕೇಳಿದರೆ ಗಂಡ ಹೆಂಡತಿಯ ಮುಖ ನೋಡುತ್ತಾರೆ. ಮುಂಗಡ ಮಾತ್ರ ಆಗಲೇ ಕೊಟ್ಟಾಗಿರುತ್ತದೆ.

ಹಾಗಾಗಿ ಮುಂಗಡಕ್ಕೆ ಮುಂಚೆ ಬೇಕಾದದ್ದು ನಾಲ್ಕು: ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಉಪಭಾಗ). ನಮ್ಮ ತಾಲ್ಲೂಕಿನಲ್ಲಿ ಕಸಬಾ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ, ಸೂಲಿಬೆಲೆ, ನಂದಗುಡಿ ಎಂದು ಐದು ಹೋಬಳಿಗಳಿವೆ. ಬಡಾವಣೆಗೆ ಯಾವ ಹೂವಿನ ಹೆಸರಿಟ್ಟರೂ ಕಂದಾಯ ದಾಖಲೆಯಲ್ಲಿ ಅದು ಸಿಗುವುದು ಈ ನಾಲ್ಕರಿಂದಲೇ. ಜಾಗದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆಪ್ ತೆರೆಯಿರಿ. ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಬ್ರೋಕರ್ ಹೇಳಿದ ನಂಬರ್ ಬೇರೆಯಾದರೆ ಮಾತುಕತೆ ಅಲ್ಲಿಗೇ ನಿಲ್ಲಲಿ. ಗಡಿಯಂಚಿನಲ್ಲಿ ಆಪ್ ಕೆಲವು ಅಡಿ ಆಚೀಚೆ ತೋರಿಸುವುದುಂಟು, ಅದನ್ನು ತೀರ್ಮಾನಿಸುವುದು ಸರ್ವೆಯರ್ ಅಳತೆ.

ಮುಂದಿನದು ಪಹಣಿ, ಅಂದರೆ ಜಮೀನಿನ ಒಡೆತನ, ವಿಸ್ತೀರ್ಣ ಬರೆದಿರುವ ಕಂದಾಯ ದಾಖಲೆ. ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬಹಳಷ್ಟು ಜನ 9ನೇ ಕಾಲಂನಲ್ಲಿ ಮಾರುವವನ ಹೆಸರು ಕಂಡ ಕೂಡಲೇ ಸಮಾಧಾನಪಟ್ಟು ಮಡಚಿಡುತ್ತಾರೆ. ನಾನು ಓದುವುದು 3ನೇ ಕಾಲಂನಿಂದ. ಅಲ್ಲಿ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಎಷ್ಟು ಎಂದು ನಮೂದಿಸಿರುತ್ತಾರೆ. ಎ ಖರಾಬು ಎಂದರೆ ಬಂಡೆ, ಕಣ ಮುಂತಾಗಿ ಬೇಸಾಯಕ್ಕೆ ಬಾರದ ಜಾಗ. ಬಿ ಖರಾಬು ಹಾಗಲ್ಲ: ಅದು ಹಳ್ಳ, ಕಾಲುವೆ, ದಾರಿ, ಸ್ಮಶಾನಕ್ಕೆಂದು ಬಿಟ್ಟ ಸಾರ್ವಜನಿಕ ಜಾಗ, ಮಾರುವ ಹಕ್ಕು ಯಾರಿಗೂ ಇಲ್ಲ. ಉದಾಹರಣೆಗೆ, 2 ಎಕರೆ 20 ಗುಂಟೆ ಜಮೀನಿನಲ್ಲಿ 6 ಗುಂಟೆ ಬಿ ಖರಾಬು ಇದೆ ಎನ್ನಿ. ಗುಂಟೆಗೆ 1,089 ಚದರ ಅಡಿಯಂತೆ ಅದು 6,534 ಚದರ ಅಡಿ. ಮೂವತ್ತು ನಲವತ್ತರ ಐದು ಸೈಟು ಅದರಲ್ಲಿ ಹಿಡಿಸುತ್ತವೆ. ನಿಮ್ಮದು ಆ ಐದರಲ್ಲಿ ಒಂದೋ ಅಲ್ಲವೋ ಎಂಬುದನ್ನು ಗ್ರಾಮ ನಕ್ಷೆ ತರಿಸಿ, ಹಳ್ಳದ ಗೆರೆ ಎಲ್ಲಿ ಹಾದಿದೆ ಎಂದು ನೋಡಿ ತಿಳಿಯಬೇಕು. ಬೇಸಿಗೆಯಲ್ಲಿ ಜಾಗ ನೋಡಿದವರಿಗೆ ಹಳ್ಳ ಕಾಣಿಸುವುದಿಲ್ಲ, ಜೆಸಿಬಿ ಸಮ ಮಾಡಿರುತ್ತದೆ.

10ನೇ ಕಾಲಂನಲ್ಲಿ ಜಮೀನು ಮಾರುವವನಿಗೆ ಹೇಗೆ ಬಂತು ಎಂದಿರುತ್ತದೆ: ಕ್ರಯ, ಪೌತಿ (ಹಿರಿಯರು ತೀರಿಕೊಂಡ ಮೇಲೆ ಬಂದದ್ದು), ವಿಭಾಗ ಹೀಗೆ. ಮಂಜೂರಾತಿ ಎಂದು ಕಂಡರೆ, ಸರ್ಕಾರ ಜಮೀನು ಕೊಟ್ಟದ್ದಕ್ಕೆ ದಾಖಲೆಯಾದ ಸಾಗುವಳಿ ಚೀಟಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ ಎಂದು 1978ರ ಕಾಯ್ದೆ ಇದೆ. ಹಾಗೆ ಮಾರಿದ ಜಮೀನನ್ನು ಮರಳಿ ಕೊಡಿಸಿ ಎಂದು ಆ ಕುಟುಂಬ ಹಾಕಿದ ಅರ್ಜಿಯನ್ನು ತಡವಾಯಿತೆಂದು ಮೊದಲು ತಳ್ಳಿಹಾಕುವುದಿತ್ತು. ಅಂಥ ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿತು. ಜಮೀನು ಕಳೆದುಕೊಂಡ ಕುಟುಂಬದ ಕಡೆಯಿಂದ ನೋಡಿದರೆ ನ್ಯಾಯವೇ. ಕೊಳ್ಳುವವರು ತಿಳಿದು ದೂರ ಇರಬೇಕು, ಅಷ್ಟೆ. 11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆ, ಭೂಸ್ವಾಧೀನದ ನಮೂದು ಇರುತ್ತವೆ. ಅಕ್ಷರ ಚಿಕ್ಕದಾಗಿದ್ದರೂ ಬಿಡದೆ ಓದಿ.

ಋಣಭಾರ ಪ್ರಮಾಣಪತ್ರ, ಅಂದರೆ ಆಸ್ತಿಯ ಮೇಲೆ ನಡೆದ ವ್ಯವಹಾರಗಳ ಪಟ್ಟಿ (ಇ.ಸಿ.), ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದೀಚೆಗಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ನಮೂನೆ 16 ಬಂದರೆ ವ್ಯವಹಾರವೇನೂ ನಡೆದಿಲ್ಲವೆಂದು ಅರ್ಥ, ನಡೆದಿದ್ದರೆ ನಮೂನೆ 15. ಆದರೆ ಅದರಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ನೋಂದಣಿ ಮಾಡಿಸದ ಕರಾರು ಅದರಲ್ಲಿ ಕಾಣುವುದಿಲ್ಲ.

ಅದಕ್ಕೇ ವಂಶವೃಕ್ಷ ಬೇಕು. ಇಲ್ಲಿ ನನಗೂ ಮಾರುವವರಿಗೂ ಆಗಾಗ ವಾಗ್ವಾದವಾಗುತ್ತದೆ. "ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದ್ದೀವಲ್ಲ ಸ್ವಾಮಿ, ಅವರ ಸಹಿ ಯಾಕೆ?" ಎನ್ನುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲೇ ತಿದ್ದುಪಡಿಯಾಗಿದೆ. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕತಂಗಿಯರು ಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ತೋರಿಸಲಿ. ಫೋನಿನಲ್ಲಿ ಒಪ್ಪಿದ್ದಾರೆ ಎಂಬುದು ಕಾಗದವಲ್ಲ.

ಇನ್ನು ಬಡಾವಣೆಯ ಕಾಗದ. ಭೂಪರಿವರ್ತನೆ ಆದೇಶ ತೋರಿಸಿ ಎಲ್ಲ ಸರಿಯಿದೆ ಎನ್ನುವವರೇ ಹೆಚ್ಚು. ಪರಿವರ್ತನೆ ಎಂದರೆ ಕೃಷಿಯೇತರ ಬಳಕೆಗೆ ಒಪ್ಪಿಗೆ, ಅಷ್ಟೇ. ಸೈಟು ಮಾಡಲು ಯೋಜನಾ ಪ್ರಾಧಿಕಾರ ಅನುಮೋದಿಸಿದ ವಿನ್ಯಾಸ ನಕ್ಷೆ ಬೇರೆ ಬೇಕು, ನಿಮ್ಮ ಸೈಟಿನ ನಂಬರ್ ಇರುವ ಬಿಡುಗಡೆ ಆದೇಶವೂ (ಸೈಟು ಮಾರಲು ಪ್ರಾಧಿಕಾರದ ಒಪ್ಪಿಗೆ) ಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಅಲ್ಲಿನ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9ರ ಜೊತೆ 11ಎ ಇದೆಯೇ ನೋಡಿ. 11ಬಿ ಎಂದಿದ್ದರೆ ಅದು ಹಾಗೆ ಅನುಮೋದನೆಯಾಗದ ಆಸ್ತಿ. ನೋಂದಣಿ ಆಗುತ್ತದಲ್ಲ ಎಂದು ಬ್ರೋಕರ್ ವಾದಿಸುತ್ತಾನೆ. ಮನೆ ಕಟ್ಟಲು ಬ್ಯಾಂಕ್ ಸಾಲ ಕೇಳುವ ದಿನ ಅವನು ನಿಮ್ಮ ಜೊತೆ ಬರುವುದಿಲ್ಲ. ನಗರಸಭೆ ವ್ಯಾಪ್ತಿಯಲ್ಲಾದರೆ ನೋಡಬೇಕಾದದ್ದು ಇ-ಆಸ್ತಿ ಖಾತೆ. ಜಮೀನು 500 ಚದರ ಮೀಟರ್ ದಾಟಿದ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆ ಇರಲೇಬೇಕು.

ರಸ್ತೆ, ಮೆಟ್ರೊ ವಿಷಯ ಚಿಕ್ಕದು. ಉಪನಗರ ವರ್ತುಲ ರಸ್ತೆ ಬಂದಿದೆ, ಚೆನ್ನೈ ಎಕ್ಸ್‌ಪ್ರೆಸ್‌ವೇ ಇಲ್ಲಿಂದಲೇ ಹೊರಡುತ್ತದೆ. ಮೆಟ್ರೊ ಮಾತ್ರ ಕಾಡುಗೋಡಿಯಲ್ಲೇ ನಿಂತಿದೆ. ಇರುವುದಕ್ಕೆ ಬೆಲೆ ಕೊಡಿ, ಬರಲಿರುವುದಕ್ಕಲ್ಲ. ನೀರಿನ ಬಗ್ಗೆ ಲೇಔಟ್‌ನವರನ್ನು ಕೇಳಬೇಡಿ. ಪಕ್ಕದ ತೋಟದವರನ್ನು ಕೇಳಿದರೆ ಕೊಳವೆಬಾವಿ ಎಷ್ಟು ಅಡಿಗೆ ಹೋಯಿತು, ಎಷ್ಟು ಬತ್ತಿದವು ಎಂದು ನಿಂತಲ್ಲೇ ಹೇಳುತ್ತಾರೆ.

ಕ್ರಯಪತ್ರದ ಕರಡನ್ನು ನೋಂದಣಿಗೆ ಮೊದಲೇ ಕೇಳಿ ಪಡೆದು, ಮನೆಯಲ್ಲಿ ಕುಳಿತು ಷೆಡ್ಯೂಲ್ (ಆಸ್ತಿಯ ವಿವರವಿರುವ ಭಾಗ) ಓದಿ. ಪೂರ್ವಕ್ಕೆ ಇಂಥ ಸೈಟು, ಪಶ್ಚಿಮಕ್ಕೆ ರಸ್ತೆ ಎಂದು ಚಕ್ಕುಬಂದಿ ಬರೆದಿರುತ್ತೇವೆ. ಆ ಹಾಳೆ ಹಿಡಿದು ಜಾಗಕ್ಕೆ ಹೋಗಿ, ನಾಲ್ಕು ಕಲ್ಲೂ ಇವೆಯೇ, ರಸ್ತೆ ಆ ದಿಕ್ಕಿನಲ್ಲೇ ಇದೆಯೇ ನೋಡಿ, ತಪ್ಪಿದ್ದರೆ ಆ ದಿನವೇ ಹೇಳಿ. ಕರಡಿನಲ್ಲಾದರೆ ನಾನು ಒಂದು ನಿಮಿಷದಲ್ಲಿ ತಿದ್ದುತ್ತೇನೆ. ನೋಂದಣಿಯಾದ ಮೇಲೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವನು ಮತ್ತೆ ಬಂದು ಬೆರಳಚ್ಚು ಕೊಡಬೇಕು.