ಓವನ್‌ನಲ್ಲಿ ಸ್ಟಫ್ಡ್ ಆಲೂಗಡ್ಡೆ: ರಾತ್ರಿ ಊಟಕ್ಕೆ ಇದೊಂದೇ ಸಾಕು

ಸ್ಟಫ್ಡ್ ಆಲೂಗಡ್ಡೆ ಕೆಡುವುದು ಹೆಚ್ಚಾಗಿ ನೀರಿನಂಶದಿಂದ. ಸಿಪ್ಪೆ ಮೆತ್ತಗಾಗುತ್ತದೆ, ಹೂರಣ ಜಾರುತ್ತದೆ, ತಟ್ಟೆಗೆ ಹಾಕುವಷ್ಟರಲ್ಲಿ ದೋಣಿ, ಅಂದರೆ ಉದ್ದಕ್ಕೆ ಸೀಳಿ ತಿರುಳು ಕೆರೆದ ಅರ್ಧ ಗಡ್ಡೆ, ಮುರಿದಿರುತ್ತದೆ. ಹಾಗಾಗಿ ಗಡ್ಡೆ ಆರಿಸುವಾಗಿನಿಂದಲೇ ಎಚ್ಚರ ಬೇಕು.

ನಾಲ್ಕು ಜನಕ್ಕೆ ಸುಮಾರು 250 ಗ್ರಾಂ ತೂಗುವ, ಉದ್ದನೆಯ ನಾಲ್ಕು ಗಡ್ಡೆ ತನ್ನಿ. ಗಾತ್ರ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಒಂದು ಬೆಂದು ಇನ್ನೊಂದು ಗಟ್ಟಿ ಉಳಿಯುತ್ತದೆ. ಉಗುರಿನಲ್ಲಿ ಕೆರೆದರೆ ಸಿಪ್ಪೆ ಸುಲಿದು ಬರುವ ಹೊಸ ಗಡ್ಡೆ ಬೇಡ. ಅದರಲ್ಲಿ ನೀರು ಹೆಚ್ಚು, ಸಾಗುವಿಗೋ ಪಲ್ಯಕ್ಕೋ ಇರಲಿ. ಫ್ರಿಜ್‌ನಲ್ಲಿಟ್ಟ ಗಡ್ಡೆಯೂ ಬೇಡ. ಅದರ ಪಿಷ್ಟ ಸಕ್ಕರೆಯಾಗಿ ತಿರುಗಿ, ರುಚಿ ಸಿಹಿಯಾಗುತ್ತದೆ, ಬೇಗ ಕಪ್ಪಾಗುತ್ತದೆ. ಮೊಳಕೆ ಒಡೆದ, ಹಸಿರು ತಿರುಗಿದ ಗಡ್ಡೆಯನ್ನು ಸಿಪ್ಪೆ ಸಮೇತ ತಿನ್ನುವ ಈ ಅಡುಗೆಗೆ ಬಳಸಲೇಬಾರದು.

ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಫೋರ್ಕ್‌ನಿಂದ ಏಳೆಂಟು ಕಡೆ ಚುಚ್ಚಿ, ಎಣ್ಣೆ, ಕಲ್ಲುಪ್ಪಿನ ಪುಡಿ ಸವರಿ. ಓವನ್ 200 ಡಿಗ್ರಿಗೆ ಕಾದ ಮೇಲೆ, ಟ್ರೇ ಬದಲು ನೇರವಾಗಿ ಜಾಲರಿಯ ಮೇಲಿಡಿ. ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಕು. ಚಾಕು ನಡುವಿನವರೆಗೆ ಸಲೀಸಾಗಿ ಇಳಿದರೆ ಬೆಂದಿದೆ. ಅಲ್ಯೂಮಿನಿಯಂ ಫಾಯಿಲ್ ಸುತ್ತುವವರಿದ್ದಾರೆ. ಸುತ್ತಿದರೆ ಆವಿ ಒಳಗೇ ನಿಂತು ಗಡ್ಡೆ ಬೇಯಿಸಿದಂತಾಗುತ್ತದೆಯೇ ಹೊರತು ಸುಟ್ಟಂತಾಗುವುದಿಲ್ಲ. ಕುಕ್ಕರ್‌ನಲ್ಲಿ ಕೂಗಿಸಿದ ಗಡ್ಡೆಯದೂ ಅದೇ ಕಥೆ, ಸಿಪ್ಪೆ ಕೈಗೇ ಬರುತ್ತದೆ. ಸಮಯವಿಲ್ಲದಿದ್ದರೆ ಮೈಕ್ರೋವೇವ್‌ನಲ್ಲಿ ಮುಕ್ಕಾಲು ಬೇಯಿಸಿ, ಕೊನೆಯ 20 ನಿಮಿಷ ಓವನ್‌ಗೆ ಹಾಕಿ.

ಗಡ್ಡೆ ಬೇಯುವಷ್ಟರಲ್ಲಿ ಹೂರಣ. ಆಲೂಗಡ್ಡೆಗೆ ಸಬ್ಬಸಿಗೆಯಷ್ಟು ಹೊಂದುವ ಸೊಪ್ಪು ಇನ್ನೊಂದಿಲ್ಲ. ಎರಡು ಚಮಚ ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಮೂರು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿ ಬಾಡಿಸಿ. ಅರ್ಧ ಕಪ್ ಬೇಯಿಸಿದ ಸ್ವೀಟ್ ಕಾರ್ನ್, ಒಂದು ಸಣ್ಣ ಕ್ಯಾಪ್ಸಿಕಂ ಹಾಕಿ ದೊಡ್ಡ ಉರಿಯಲ್ಲಿ ಬಾಣಲೆ ಒಣಗುವವರೆಗೆ ಕೈಯಾಡಿಸಿ. ಒಲೆ ಆರಿಸಿದ ಮೇಲೆ ಒಂದು ಹಿಡಿ ಸಬ್ಬಸಿಗೆ, 150 ಗ್ರಾಂ ಪುಡಿ ಮಾಡಿದ ಪನೀರ್ ಬೆರೆಸಿ. ಅವರೆ ಕಾಲದಲ್ಲಿ ಕಾರ್ನ್ ಬದಲು ಬೇಯಿಸಿ ನೀರು ಬಸಿದ ಹಿತಕಿದ ಬೇಳೆ ಹಾಕಿದರೆ ಇನ್ನೂ ರುಚಿ. ಟೊಮೆಟೊ ಮಾತ್ರ ಹಾಕಬೇಡಿ, ನೀರು ಬಿಡುತ್ತದೆ.

ಓವನ್‌ನಿಂದ ತೆಗೆದ ಕೂಡಲೇ, ಬಿಸಿ ಇದ್ದಾಗಲೇ, ಗಡ್ಡೆಯನ್ನು ಉದ್ದಕ್ಕೆ ಸೀಳಿ. ಆರಲು ಬಿಟ್ಟರೆ ಒಳಗಿನ ಆವಿ ನೀರಾಗಿ ತಿರುಳಿಗೇ ಸೇರುತ್ತದೆ. ಕೈಗೆ ಬಟ್ಟೆ ಹಿಡಿದು, ಚಮಚದಲ್ಲಿ ತಿರುಳು ಕೆರೆಯಿರಿ. ಸುತ್ತ ಕಿರುಬೆರಳಿನ ಅರ್ಧ ದಪ್ಪದಷ್ಟು, ಅಂದರೆ 6-7 ಮಿಲಿಮೀಟರ್, ಗೋಡೆ ಬಿಡಬೇಕು. ಆಸೆಗೆ ಬಿದ್ದು ಇನ್ನೂ ಕೆರೆದರೆ ತಳ ತೂತಾಗುತ್ತದೆ. ಖಾಲಿ ದೋಣಿಗಳಿಗೆ ಒಳಗೂ ಬೆಣ್ಣೆ ಸವರಿ ಮತ್ತೆ 10 ನಿಮಿಷ ಓವನ್‌ಗೆ ಕಳಿಸಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ಸಿಪ್ಪೆ ಗರಿಗರಿಯಾಗುವುದೂ ಇಲ್ಲೇ.

ತಿರುಳನ್ನು ಫೋರ್ಕ್‌ನಲ್ಲಿ ಹಗುರವಾಗಿ ಪುಡಿ ಮಾಡಿ. ಮಿಕ್ಸಿಗೆ ಹಾಕಿದರೆ ಪಿಷ್ಟ ಬಿಟ್ಟುಕೊಂಡು ಅಂಟಾಗುತ್ತದೆ. ಅರ್ಧ ಗಂಟೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಮೂರು ಚಮಚ, ಉಪ್ಪು ಒಂದು ಚಿಕ್ಕ ಚಮಚ, ಕಾಳುಮೆಣಸಿನ ಪುಡಿ, ಬಾಡಿಸಿಟ್ಟ ಹೂರಣ ಸೇರಿಸಿ. ರುಚಿ ನೋಡಿ. ಆಲೂಗಡ್ಡೆ ಉಪ್ಪನ್ನು ನುಂಗಿಬಿಡುತ್ತದೆ, ಸ್ವಲ್ಪ ಮುಂದೆಯೇ ಇರಲಿ.

ದೋಣಿಗಳಿಗೆ ಗುಡ್ಡೆಯಾಗಿ ತುಂಬಿ, ಒತ್ತಬೇಡಿ. ಮೇಲೆ ತುರಿದ ಚೀಸ್ ಉದುರಿಸಿ 200 ಡಿಗ್ರಿಯಲ್ಲಿ 15 ನಿಮಿಷ. ಕೊನೆಯ ಎರಡು ಮೂರು ನಿಮಿಷ ಮೇಲಿನ ಕಾಯಿಲ್ ಮಾತ್ರ ಇರಲಿ, ಬಣ್ಣ ಬರುತ್ತದೆ.

ಒಬ್ಬರಿಗೆ ಎರಡು ದೋಣಿ, ಜೊತೆಗೆ ಹೆಸರುಬೇಳೆ ಕೋಸಂಬರಿ. ಮುಂಚೆಯೇ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಇರುತ್ತದೆ. ಬಡಿಸುವ ಮುನ್ನ 180 ಡಿಗ್ರಿಯಲ್ಲಿ 25 ನಿಮಿಷ ಬಿಸಿ ಮಾಡಿ.