ಬಾರಿಕಂಟಿಗೆ ಉಮ್ರಾನ್ ಕಣ್ಣು

ಕುಷ್ಟಗಿ ಕಡೆಯ ನಮ್ಮ ಮಸಾರಿ ಮಡ್ಡಿಯಲ್ಲಿ ಹೋದ ಸುಗ್ಗಿಗೆ ಹತ್ತಿರ ಹತ್ತಿರ 14 ಕ್ವಿಂಟಲ್ ಬಾರಿಹಣ್ಣು, ಅಂದರೆ ಬೋರೆಹಣ್ಣು, ಇಳಿಸಿದೆ. ಬೋರ್‌ವೆಲ್ ಇಲ್ಲ, ಡ್ರಿಪ್ ಇಲ್ಲ. ಬದುವಿನ ಮೇಲೆ ತಾನಾಗಿ ಎದ್ದಿದ್ದ ಕಾಡು ಬಾರಿಕಂಟಿಗೇ ಉಮ್ರಾನ್ ಅನ್ನೋ ಒಳ್ಳೆ ಬಾರಿ ತಳಿಯ ಕಣ್ಣು ಹಾಕಿದ್ದು, ಅಂದರೆ ಅದರ ಮೊಗ್ಗನ್ನು ತೊಗಟೆ ಸಮೇತ ತೆಗೆದು ಕಂಟಿಯ ತೊಗಟೆಯೊಳಗೆ ಕೂರಿಸಿ ಕಸಿ ಮಾಡಿದ್ದು. "ತಮ್ಮಾ, ಮುಳ್ಳಿಗೆ ಯಾರರ ರೊಕ್ಕಾ ಹಾಕ್ತಾರೇನು? ಜೆಸಿಬಿ ತರಿಸಿ ಕಿತ್ತ ಒಗಿ" ಅಂದಿದ್ದರು ನಮ್ಮ ಕಾಕಾ.

ಶುರುವಿನಲ್ಲಿ ನಾನೂ ಜಾಣನಲ್ಲ. 60 ರೂಪಾಯಿಗೆ ಒಂದರಂತೆ ಚೀಲದಲ್ಲಿ ಬೆಳೆಸಿದ 100 ಬಾರಿ ಕಸಿ ಸಸಿ ತಂದು ನೆಟ್ಟೆ. ಗಾಡಿ ಬಾಡಿಗೆ, ಗುಂಡಿ ಕೂಲಿ ಸೇರಿ 10 ಸಾವಿರ ದಾಟಿತು. ಮುಂದಿನ ಬೇಸಿಗೆಗೆ ಉಳಿದದ್ದು 11. ಸತ್ತ ಒಂದು ಸಸಿ ಕಿತ್ತು ನೋಡಿದೆ. ತಾಯಿಬೇರು ಚಕ್ಕುಲಿ ಹಾಗೆ ಸುತ್ತಿಕೊಂಡು ಚೀಲದ ಆಕಾರದಲ್ಲೇ ಕೂತಿತ್ತು. ಗರಸಿನೊಳಗೆ ಒಂದು ಗೇಣೂ ಇಳಿದಿರಲಿಲ್ಲ. ಪಕ್ಕದ ಕಾಡು ಕಂಟಿ ಮಾತ್ರ ತನ್ನ ಬೇರಿನ ಬಲದಲ್ಲೇ ಬದುಕಿತ್ತು, ಅದಕ್ಕೆ ಯಾರು ನೀರು ಹಾಕಿದ್ದರು ಹೇಳಿ?

ಮರುವರ್ಷ ಕಂಟಿಯ ಹಳೇ ಟೊಂಗೆಗೇ 60 ಕಣ್ಣು ಹಾಕಿದೆ. ಹಿಡಿದದ್ದು ನಾಲ್ಕು. ತೊಗಟೆ ಬಿಡುತ್ತಲೇ ಇರಲಿಲ್ಲ, ಚಾಕು ಹಾಕಿದರೆ ಚೂರು ಚೂರು. ಆಮೇಲೆ ಹೊಳೆಯಿತು. ಮೇ ತಿಂಗಳಲ್ಲಿ ಕಂಟಿಗಳನ್ನು ನೆಲಮಟ್ಟಕ್ಕೆ ಕಡಿದೆ. ಎರಡು ಮಳೆ ಬಿದ್ದದ್ದೇ ತಡ, ಬುಡದಿಂದ ಚಿಗುರು ನುಗ್ಗಿ ಬಂತು. ಒಳ್ಳೆಯವು ಎರಡು ಬಿಟ್ಟು ಉಳಿದದ್ದು ತೆಗೆದೆ. ಪೆನ್ಸಿಲ್ ದಪ್ಪ ಆದಾಗ, ತೊಗಟೆ ಉಗುರಿಗೇ ಬಿಡುವಾಗ, ಕಣ್ಣು ಕೂರಿಸಿದೆ. 100 ಕಂಟಿಯಲ್ಲಿ 82 ಹಿಡಿದವು. ಅನುಭವಸ್ಥರೂ ಒಮ್ಮೆ ಬಂದು ನೋಡಿ ಹೋದರು, ಸುಳ್ಳಲ್ಲ.

ಕಣ್ಣು ತೆಗೆಯುವ ಕಸಿ ಕಡ್ಡಿಯಲ್ಲೂ ಮೋಸ ಹೋದೆ. ಒಂದು ನರ್ಸರಿಯವರು ಉಮ್ರಾನ್ ಅಂತ ಕೊಟ್ಟ ಕಡ್ಡಿಯಿಂದ ಬಂದ ಹನ್ನೆರಡು ಗಿಡದಲ್ಲಿ ಬರೀ ಬೀಜ, ಹುಳಿ. ಹಣ್ಣು ಬಿಡೋವರೆಗೆ ಗೊತ್ತಾಗಲ್ಲ ಅಲ್ವಾ. ನಿಜವಾದ ಉಮ್ರಾನ್ ಉದ್ದುದ್ದ, ಬಂಗಾರದ ಬಣ್ಣ, ಪೂರ್ತಿ ಮಾಗಿದರೆ ಕಂದು. ಈಗ ವಿಜಯಪುರ ಕಡೆಯ ಗೆಳೆಯರ ತಾಯಿಗಿಡದಿಂದಲೇ ತರುತ್ತೇನೆ. ಬಸ್ಸಿನಲ್ಲಿ ತಂದರೂ ಮೂರು ದಿನ ಕಡ್ಡಿ ಹಸಿಯಾಗಿರಲು ನನ್ನದೊಂದು ಉಪಾಯ ಇದೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ, ಹೊಲಕ್ಕೆ ಬಂದರೆ ತೋರಿಸುತ್ತೇನೆ.

ಕಣ್ಣು ಹಿಡಿಯೋದು ಅರ್ಧ ಕೆಲಸ. ಹಳೇ ಬೇರಿನ ಜೋರು ನಿಮಗೆ ಗೊತ್ತು. ಹತ್ತು ದಿನ ಹೊಲಕ್ಕೆ ಹೋಗದಿದ್ದರೆ ಕಾಡು ಚಿಗುರು ಮೊಳ ಉದ್ದ ಎದ್ದು ಕಸಿಯನ್ನು ಮುಚ್ಚಿಬಿಡುತ್ತದೆ. ದಸರಾವರೆಗೆ ನಾನೂ ನನ್ನ ಹೆಂಡತಿಯೂ ಚಿವುಟಿದ್ದೇ ಚಿವುಟಿದ್ದು. ಶ್ರಾವಣದ ಗಾಳಿಗೆ ಏಳೆಂಟು ಕಸಿ ಬುಡದಲ್ಲೇ ಸಿಗಿದವು. ಆಮೇಲೆ ತೊಗರಿಕಟ್ಟಿಗೆ ಊರಿ ಕಟ್ಟಿದೆ. ಮುರಿದದ್ದಕ್ಕೆಲ್ಲ ಮರುವರ್ಷ ಹೊಸ ಕಣ್ಣು. ಆಡು ಮೇಯದಂತೆ ಕಾಯೋಕೆ ಮಾತ್ರ ಖರ್ಚಿಲ್ಲ, ಕಡಿದ ಮುಳ್ಳನ್ನೇ ಸುತ್ತ ಒಟ್ಟಿದೆ.

ನಡುವೆ ಹುಚ್ಚಾಟಗಳೂ ನಡೆದವು. ಬಾರಿಯ ನೆಂಟನಂಥ ಪರಗಿ ಕಂಟಿಗೂ ಉಮ್ರಾನ್ ಕಣ್ಣು ಹಾಕಿದೆ. ಹಿಡಿದ ಹಾಗೆ ಕಂಡು ದೀಪಾವಳಿಗೆ ಒಣಗಿದವು. ಕಾಡು ಸೀತಾಫಲಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ಸೀತಾಫಲ ತಳಿ ಕಸಿ ಮಾಡಿದ್ದು ಆರು ಗಿಡ ಚೆನ್ನಾಗಿವೆ. ಆದರೆ ಅದಕ್ಕೆ ಕೈಯಿಂದ ಪರಾಗ ಮುಟ್ಟಿಸಿದರೆ ಕಾಯಿ ಜಾಸ್ತಿ, ನನಗೆ ಅಷ್ಟು ತಾಳ್ಮೆ ಇಲ್ಲ. ಆ್ಯಪಲ್ ಬೋರೆ ಅನ್ನೋ ದಪ್ಪ ಹಣ್ಣಿನ ಬಾರಿ ಬೇಡವೇ ಬೇಡ, ನೀರಿನಂಥ ರುಚಿ.

ಲೆಕ್ಕ ಹೇಳಿಬಿಡ್ತೀನಿ. ಕಡಿದ ಕೂಲಿ, ಕಡ್ಡಿ, ಕಣ್ಣು ಕಟ್ಟುವ ಪಟ್ಟಿ, ಓಡಾಟ ಎಲ್ಲ ಸೇರಿ 9 ಸಾವಿರ ಆಗಿರಬಹುದು. ಮೋಸದ ಹನ್ನೆರಡು ಬಿಟ್ಟು 70 ಗಿಡ, ಗಿಡಕ್ಕೆ 20 ಕಿಲೋ. ಕಿಲೋಗೆ ಸರಾಸರಿ 25 ರೂಪಾಯಿ ಸಿಕ್ಕು 35 ಸಾವಿರ ಕೈಗೆ ಬಂತು. ಹಣ್ಣಿನ ನೊಣ ತಿಂದದ್ದು ಈ ಲೆಕ್ಕದಲ್ಲಿಲ್ಲ. ಅದರ ಹುಳ ಕೋಶ ಕಟ್ಟಿಕೊಂಡು ಮಣ್ಣಲ್ಲೇ ಇರುತ್ತೆ, ಹಾಗಾಗಿ ಈ ಬೇಸಿಗೆ ಗಿಡದ ಬುಡ ಅಗೆದು ಬಿಸಿಲಿಗೆ ಬಿಟ್ಟಿದ್ದೇನೆ.

ಕಾಕಾ ತಮ್ಮ ಬದುವಿನ 40 ಕಂಟಿ ಕಡಿಸಿ ಕೂತಿದ್ದಾರೆ. ಹಿಡಿದ ಕಣ್ಣಿಗೆ 20 ರೂಪಾಯಿ ಅಂದಿದ್ದೇನೆ. "ಮನೀ ಹುಡುಗ ಆಗಿ ರೊಕ್ಕಾ ಕೇಳ್ತಿಯೇನು" ಅಂತಿದ್ದಾರೆ. ಜೆಸಿಬಿ ಬಾಡಿಗೆ ಗಂಟೆಗೆ ಎಷ್ಟು ಕಾಕಾ ಅಂತ ಕೇಳಿದೆ.