ಮನೆಯ ಮಿಕ್ಸಿಂಗ್‌ನಲ್ಲಿ ಸೌಂಡ್ ಕಾರ್ಡಿನ ಪಾಲೆಷ್ಟು?

ಬಾಗಲಕೋಟೆ ನವನಗರದ ಮನೆಯ ಸಣ್ಣ ಕೋಣೆಯೊಂದರಲ್ಲಿ ಭಜನೆ, ತತ್ವಪದ, ಚೌಡಿಕೆ ಪದ ರೆಕಾರ್ಡ್ ಮಾಡಿ ಅಲ್ಲೇ ಮಿಕ್ಸ್ ಮಾಡುತ್ತೇನೆ. ಹೊಸಬರು ಮೊದಲು ಕೇಳುವುದು, ದುಬಾರಿ ಸೌಂಡ್ ಕಾರ್ಡ್ ಹಾಕಿದರೆ ಮಿಕ್ಸ್ ಚೆನ್ನಾಗಿ ಬರುತ್ತದೆಯೇ ಅಂತ. ಫೈಲಿನ ಮಟ್ಟಿಗೆ ಏನೂ ಬದಲಾಗದು. ಟ್ರ್ಯಾಕ್ ಕೂಡಿಸುವುದು, ಇಕ್ಯೂ (ಬಾಸ್, ಟ್ರೆಬಲ್ ಏರಿಳಿಸುವುದು), ರಿವರ್ಬ್ (ಗುಂಯ್ಗುಡುವ ಪ್ರತಿಧ್ವನಿ ಸೇರಿಸುವುದು) ಎಲ್ಲ ಪ್ರೊಸೆಸರ್ ಮಾಡುವ ಲೆಕ್ಕ. ಕಾರ್ಡಿಗೆ ಕೆಲಸ ಇರುವುದು ಮೈಕಿನ ಸದ್ದು ಒಳಗೆ ಬರುವಾಗ, ಆಮೇಲೆ ಮಿಕ್ಸ್ ನಮ್ಮ ಕಿವಿಗೆ ಬೀಳುವಾಗ.

ಬೇಕಾದರೆ ನೋಡಿ. ಒಂದೇ ಪ್ರಾಜೆಕ್ಟನ್ನು ಒಮ್ಮೆ ಲ್ಯಾಪ್‌ಟಾಪಿನ ಒಳಗಿನ ಕಾರ್ಡ್ ಆರಿಸಿ, ಇನ್ನೊಮ್ಮೆ ಯುಎಸ್‌ಬಿ ಇಂಟರ್ಫೇಸ್ (ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್) ಆರಿಸಿ 48000 ಹರ್ಟ್ಸ್, 24 ಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಎರಡನ್ನೂ ಒಂದರ ಕೆಳಗೊಂದಿಟ್ಟು ಒಂದರ ಫೇಸ್ (ಅಲೆಯ ಏರಿಳಿತ) ಉಲ್ಟಾ ಮಾಡಿ ಪ್ಲೇ ಮಾಡಿದರೆ, ಎರಡೂ ಒಂದೇ ಆಗಿದ್ದರಿಂದ ಒಂದನ್ನೊಂದು ಅಳಿಸಿ ಮೀಟರ್ ಏಳುವುದಿಲ್ಲ. ಸಣ್ಣ ಸದ್ದು ಉಳಿದರೆ ಅದು ಡಿದರ್ (ಎಕ್ಸ್‌ಪೋರ್ಟ್‌ನಲ್ಲಿ ಬೇಕೆಂದೇ ಸೇರಿಸುವ ಅತಿ ಸಣ್ಣ ಸದ್ದು), ಇಲ್ಲವೇ ಪ್ರತಿ ಸಲ ಬೇರೆ ರೀತಿ ಓಡುವ ಕೋರಸ್‌ನಂಥ ಪ್ಲಗಿನ್. ಅವನ್ನು ಬಂದ್ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ ನೋಡಿ.

ಹೆಚ್ಚಿನ ಮಿಕ್ಸ್ ಕೆಡುವುದು ಕೇಳುವ ದಾರಿಯಲ್ಲಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಪ್ರಾಪರ್ಟೀಸ್ ತೆರೆದು ಎನ್‌ಹ್ಯಾನ್ಸ್‌ಮೆಂಟ್ಸ್ ಪೂರ್ತಿ ಬಂದ್ ಮಾಡಿ. ಅಲ್ಲಿ ಬಾಸ್ ಬೂಸ್ಟ್ ಚಾಲೂ ಇದ್ದರೆ, ಇಲ್ಲದ ಬಾಸ್ ಕೇಳಿಸಿ ನೀವು ಡಗ್ಗಾದ ತಳ ಕತ್ತರಿಸುತ್ತೀರಿ. ಬೇರೆ ಕಡೆ ಹಚ್ಚಿದಾಗ ಹಾಡು ಸಪ್ಪೆ. ಲೌಡ್‌ನೆಸ್ ಈಕ್ವಲೈಸೇಶನ್ ಅದಕ್ಕಿಂತ ಕೆಟ್ಟದ್ದು. ಸಣ್ಣ ದನಿಯನ್ನು ಅದೇ ಮೇಲೆತ್ತಿ ಕೊಡುವುದರಿಂದ ಗಾಯಕರ ಫೇಡರ್ (ದನಿ ಏರಿಳಿಸುವ ಪಟ್ಟಿ) ಮುಟ್ಟುವ ಅಗತ್ಯವೇ ಕಾಣುವುದಿಲ್ಲ, ಆಮೇಲೆ ಮೊಬೈಲಿನಲ್ಲಿ ಕೇಳಿದರೆ ಸಾಲಿನ ಕೊನೆಯ ಶಬ್ದಗಳು ಹಾರ್ಮೋನಿಯಂ ಕೆಳಗೆ ಹೂತಿರುತ್ತವೆ. ಮಿಕ್ಸ್ ಆಸಿಯೋ ಡ್ರೈವರ್‌ನಲ್ಲಿ (ವಿಂಡೋಸ್‌ನ ಈ ಎಫೆಕ್ಟುಗಳನ್ನು ಬಿಟ್ಟು ನೇರ ಕಾರ್ಡಿಗೆ ಹೋಗುವ ದಾರಿ) ಓಡುತ್ತಿದ್ದರೂ, ಹೋಲಿಸಲೆಂದು ಬ್ರೌಸರಿನಲ್ಲಿ ಹಚ್ಚಿದ ಹಾಡು ಇದೇ ಎಫೆಕ್ಟಿನ ಮೂಲಕ ಬರಬಹುದು. ಹಾಗಾಗಿ ಹೋಲಿಕೆಯ ಹಾಡನ್ನೂ ಪ್ರಾಜೆಕ್ಟಿನೊಳಗೆ ಒಂದು ಟ್ರ್ಯಾಕಿನಲ್ಲಿಟ್ಟೇ ಕೇಳುತ್ತೇನೆ.

ಅಗ್ಗದ ಹೆಡ್‌ಫೋನ್ ಜಾಕಿನ ಇನ್ನೊಂದು ದೋಷ ಹಿಸ್ಸ್. ಮೌಸ್ ಆಡಿಸಿದರೂ ಕೆಲವದರಲ್ಲಿ ಚಿರ್ ಅನ್ನುತ್ತದೆ. ಆ ಸದ್ದಿನಲ್ಲಿ ರಿವರ್ಬ್‌ನ ಬಾಲ ಮುಚ್ಚಿಹೋಗಿ, ಸಾಲದು ಅಂತ ಇನ್ನಷ್ಟು ಸುರಿಯುತ್ತೇವೆ. ಮೊದಲ ಇಂಟರ್ಫೇಸ್ ಕೊಳ್ಳಲು ನನ್ನ ದೃಷ್ಟಿಯಲ್ಲಿ ಇಷ್ಟೇ ಕಾರಣ ಸಾಕು.

ರೆಕಾರ್ಡಿಂಗ್‌ನಲ್ಲಿ ಗೇನ್, ಅಂದರೆ ಮೈಕಿನ ಸದ್ದನ್ನು ಎಷ್ಟು ಎತ್ತಿ ಒಳಗೆ ತಗೊಳ್ಳುತ್ತೇವೆ ಅನ್ನುವುದು, ಮುಖ್ಯ. ಚೌಡಿಕೆಯ ತಂತಿ ಮೀಟಿದ ಕ್ಷಣದ ಪೆಟ್ಟು ಕಿವಿಗೆ ಅನ್ನಿಸುವುದಕ್ಕಿಂತ ಬಹಳ ಎತ್ತರಕ್ಕೆ ಜಿಗಿಯುತ್ತದೆ. ಪದದ ಜೋರಾದ ಭಾಗವನ್ನೇ ಬಾರಿಸಲು ಹೇಳಿ, ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮೀಟರಿನಲ್ಲಿ ಮೈನಸ್ 12 ಡಿಬಿ ಹತ್ತಿರ ನಿಲ್ಲುವಂತೆ ಗೇನ್ ಇಡುತ್ತೇನೆ. ಮೇಳ ಕಾವೇರಿದ ಮೇಲೆ ಇನ್ನೂ 4-5 ಡಿಬಿ ಏರಿಯೇ ಏರುತ್ತದೆ. 24 ಬಿಟ್‌ನಲ್ಲಿ ಅಷ್ಟು ಕೆಳಗಿಟ್ಟರೂ ನಷ್ಟವಿಲ್ಲ, ಒಳಗೆ ಬರುವಾಗಲೇ ಕ್ಲಿಪ್ ಆದ (ಮಿತಿ ದಾಟಿ ತುದಿ ಕತ್ತರಿಸಿಹೋದ) ಪೆಟ್ಟು ಮಾತ್ರ ಸರಿಯಾಗಿ ವಾಪಸ್ ಬಾರದು. ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ ಇಂಟರ್ಫೇಸಿನಿಂದ 48 ವೋಲ್ಟ್ ಕರೆಂಟ್ ಬೇಕು. ಸ್ಪೀಕರ್ ಇಳಿಸಿ, ಕೇಬಲ್ ಹಾಕಿದ ಮೇಲೆಯೇ ಅದರ ಸ್ವಿಚ್ ಒತ್ತಿ.

ಬಫರ್ ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಕೆಲಸ ಮಾಡುವ ಸದ್ದಿನ ತುಣುಕು. ಅದು 128 ಸ್ಯಾಂಪಲ್ ಅಂದರೆ 48000ದಲ್ಲಿ ಸುಮಾರು 2.7 ಮಿಲಿಸೆಕೆಂಡ್. ಹೋಗಿಬರುವುದು, ಸದ್ದನ್ನು ಅಂಕಿಯಾಗಿಸುವ ಕನ್ವರ್ಟರ್ ಸೇರಿ ಇದು ಇನ್ನೂ ಹೆಚ್ಚಾಗುತ್ತದೆ, ಆದರೂ ಹಾಡುವವರಿಗೆ ನಡೆಯುತ್ತದೆ. 1024ರಲ್ಲಿ ಒಂದು ಕಡೆಗೇ 21 ಮಿಲಿಸೆಕೆಂಡ್, ಹೆಡ್‌ಫೋನಿನಲ್ಲಿ ತಮ್ಮದೇ ದನಿ ತಡವಾಗಿ ಬಂದು ತಾಳ ತಪ್ಪುತ್ತದೆ. ಮಿಕ್ಸಿಂಗ್‌ಗೆ ಅದೇ 1024 ಒಳ್ಳೆಯದು, ಪ್ರೊಸೆಸರಿಗೆ ಉಸಿರಾಡಲು ಜಾಗ. ಮಿಕ್ಸ್ ಮಾಡುವಾಗಿನ ಚಟಪಟ ಸದ್ದು ಎಕ್ಸ್‌ಪೋರ್ಟ್ ಫೈಲಿಗೆ ಸಾಮಾನ್ಯವಾಗಿ ಹೋಗದು. ರೆಕಾರ್ಡ್ ಮಾಡುವಾಗ ಬಂದದ್ದು ಮಾತ್ರ ಟ್ರ್ಯಾಕಿನಲ್ಲೇ ಕೂತುಬಿಡಬಹುದು, ಆ ಟೇಕ್ ಅಲ್ಲೇ ನಿಲ್ಲಿಸಿ.

ಗುಂಯ್ ಅನ್ನುವ ಹಮ್ ಬಂದರೆ ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ದೋಷ ಆ ದಾರಿಯದ್ದು: ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಇಂಟರ್ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ (ದಾರಿಯಲ್ಲಿ ಸೇರುವ ಸದ್ದನ್ನು ಅಳಿಸುವ, ಮೂರು ಸಂಪರ್ಕದ ಪಿನ್ನಿನ ಕೇಬಲ್) ಎಳೆಯಿರಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೆ ಅಪಾಯ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಬಂದಾಗ, ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದ್ದಾದರೆ ಝರ್ ಸದ್ದು ಸೇರಬಹುದು. ಆ ಹೊತ್ತಿಗೆ ಬ್ಯಾಟರಿ ಮೇಲೆಯೇ ರೆಕಾರ್ಡ್ ಮಾಡಿ, ಪವರ್ ಮೋಡ್ ಹೈ ಪರ್ಫಾರ್ಮೆನ್ಸ್‌ಗೆ ಇಟ್ಟು.